ಬೋರಲು ಮಲಗಿಸುವ ಸಲಹೆ: ಪುರಾವೆ ಎಷ್ಟು, ಊಹೆ ಎಷ್ಟು?

ಹುಟ್ಟಿದ ಮಗುವನ್ನು ದಿನವೂ ಸ್ವಲ್ಪ ಹೊತ್ತು ಹೊಟ್ಟೆಯ ಮೇಲೆ ಬೋರಲಾಗಿ ಬಿಡಬೇಕು ಎಂಬ ಸಲಹೆ ಈಗ ಎಲ್ಲೆಡೆ ಕೇಳಿಬರುತ್ತಿದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಟಮ್ಮಿ ಟೈಮ್’ ಎಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆಯು ಐದು ವರ್ಷದೊಳಗಿನ ಮಕ್ಕಳ ಚಟುವಟಿಕೆ ಮತ್ತು ನಿದ್ರೆಯ ಬಗ್ಗೆ 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಇದಕ್ಕೊಂದು ಅಂಕಿಯನ್ನೂ ಕೊಟ್ಟಿದೆ. ಇನ್ನೂ ಹರಿದಾಡಲು ಬಾರದ ಶಿಶುಗಳು ಎಚ್ಚರವಿರುವಾಗ, ದಿನದುದ್ದಕ್ಕೂ ಹಂಚಿಕೊಂಡಂತೆ, ಒಟ್ಟು ಕನಿಷ್ಠ 30 ನಿಮಿಷ ಬೋರಲಾಗಿರಬೇಕು ಎಂಬುದು ಅದರ ಮಾತು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2022ರಲ್ಲಿ ನೀಡಿದ ಸಲಹೆ ಇನ್ನೂ ನಿಖರ: ಆಸ್ಪತ್ರೆಯಿಂದ ಮನೆಗೆ ಬಂದ ಕೂಡಲೇ ಆರಂಭಿಸಿ, ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ, ಏಳು ವಾರಗಳ ಹೊತ್ತಿಗೆ ದಿನಕ್ಕೆ ಕನಿಷ್ಠ 15ರಿಂದ 30 ನಿಮಿಷಕ್ಕೆ ತರಬೇಕು.

ಯಾವಾಗ ಆರಂಭಿಸಬೇಕು ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಆದರೆ ಆರಂಭಿಸಲೇಬೇಕೇ? ಈ ನಿಮಿಷಗಳು ಎಲ್ಲಿಂದ ಬಂದವು? ಇದರಿಂದ ಆಗುತ್ತದೆಂದು ಹೇಳುವ ಲಾಭಗಳಲ್ಲಿ ಸಾಬೀತಾದವು ಎಷ್ಟು? ವಿಜ್ಞಾನದ ಶಿಕ್ಷಕರು ಮತ್ತು ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆಗಳು ಇವು. ಸಲಹೆ ಎಷ್ಟೇ ದೊಡ್ಡ ಸಂಸ್ಥೆಯಿಂದ ಬಂದಿರಲಿ, ಅದನ್ನು ಪುರಾವೆಯ ತಕ್ಕಡಿಯಲ್ಲಿ ತೂಗಿ ನೋಡುವುದು ಅಗೌರವವಲ್ಲ.

ಬೋರಲಾದಾಗ ಏನಾಗುತ್ತದೆ?

ನವಜಾತ ಶಿಶುವಿನ ದೇಹದ ಉದ್ದದಲ್ಲಿ ತಲೆಯ ಪಾಲು ಸುಮಾರು ನಾಲ್ಕನೇ ಒಂದು. ವಯಸ್ಕರಲ್ಲಿ ಅದು ಸುಮಾರು ಎಂಟನೇ ಒಂದು. ಮಗು ಅಂಗಾತ ಮಲಗಿದ್ದಾಗ ಈ ದೊಡ್ಡ ತಲೆಯ ಭಾರವನ್ನು ಹಾಸಿಗೆಯೇ ಹೊರುತ್ತದೆ. ಬೋರಲಾದಾಗ ಮುಖ ಎತ್ತಬೇಕಾದರೆ ಕತ್ತಿನ ಹಿಂಭಾಗದ ಸ್ನಾಯುಗಳು ಗುರುತ್ವಕ್ಕೆ ಎದುರಾಗಿ ಎಳೆಯಬೇಕು. ಇದೊಂದು ಸನ್ನೆ. ತಲೆಬುರುಡೆಯು ಬೆನ್ನುಮೂಳೆಯ ಮೇಲೆ ಕೂತಿರುವ ಕೀಲು ಇದರ ಆಧಾರ ಬಿಂದು. ತಲೆಯ ಭಾರಕೇಂದ್ರ ಈ ಕೀಲಿನ ಮುಂದಕ್ಕಿದೆ; ಸ್ನಾಯುಗಳು ಹಿಂದೆ, ಕೀಲಿಗೆ ಹತ್ತಿರದಲ್ಲೇ ಅಂಟಿಕೊಂಡಿವೆ. ಸನ್ನೆಯ ತೋಳು ಗಿಡ್ಡವಾದಷ್ಟೂ ಬೇಕಾಗುವ ಬಲ ಹೆಚ್ಚು. ಎಳೆಗೂಸಿಗೆ ಇದು ಸಣ್ಣ ಕಸರತ್ತಲ್ಲ. ಬೋರಲು ಹಾಕಿದ ಕೂಡಲೇ ಅದು ಮುಖ ಕೆಂಪಾಗಿಸಿಕೊಂಡು ಅಳುವುದರಲ್ಲಿ ಆಶ್ಚರ್ಯವಿಲ್ಲ.

ನಿಯಂತ್ರಣ ತಲೆಯಿಂದ ಕೆಳಮುಖವಾಗಿ ಬೆಳೆಯುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2022ರಲ್ಲಿ ಪರಿಷ್ಕರಿಸಿದ ಪಟ್ಟಿಯ ಪ್ರಕಾರ ಹೆಚ್ಚಿನ ಮಕ್ಕಳು ಬೋರಲಾಗಿದ್ದಾಗ ಎರಡು ತಿಂಗಳಿಗೆ ತಲೆ ಎತ್ತಿ ಹಿಡಿಯುತ್ತವೆ, ನಾಲ್ಕು ತಿಂಗಳಿಗೆ ಮೊಳಕೈ ಊರಿ ಎದೆ ಎತ್ತುತ್ತವೆ, ಆರು ತಿಂಗಳಿಗೆ ಅಂಗೈ ಊರಿ ತೋಳು ನೇರ ಮಾಡುತ್ತವೆ; ಬೋರಲಿನಿಂದ ಅಂಗಾತಕ್ಕೆ ಮಗುಚುತ್ತವೆ. ಅಭ್ಯಾಸ ಕೊಟ್ಟರೆ ಈ ಸ್ನಾಯುಗಳು ಬೇಗ ಬಲಗೊಳ್ಳಬಹುದು ಎಂಬ ಊಹೆ ತರ್ಕಬದ್ಧವಾಗಿಯೇ ಇದೆ. ಆದರೆ ತರ್ಕಕ್ಕೆ ಒಪ್ಪಿದ್ದೆಲ್ಲ ನಿಜವಾಗಬೇಕೆಂದಿಲ್ಲ. ಇದಕ್ಕೆ ಅತ್ಯಂತ ದುಬಾರಿಯಾದ ಉದಾಹರಣೆ ಇದೇ ಭಂಗಿಯ ಇತಿಹಾಸದಲ್ಲಿದೆ.

ಸಾವಿರಾರು ಜೀವಗಳ ಬೆಲೆಯ ಪಾಠ

ಅಮೆರಿಕದ ಮಕ್ಕಳ ವೈದ್ಯ ಬೆಂಜಮಿನ್ ಸ್ಪಾಕ್ 1946ರಲ್ಲಿ ಬರೆದ ಶಿಶುಪಾಲನೆಯ ಪುಸ್ತಕ ಲಕ್ಷಾಂತರ ಮನೆಗಳನ್ನು ತಲುಪಿತು. 1950ರ ದಶಕದ ಕೊನೆಗೆ ಬಂದ ಪರಿಷ್ಕೃತ ಆವೃತ್ತಿಯಲ್ಲಿ ಮಗುವನ್ನು ಬೋರಲಾಗಿಯೇ ನಿದ್ದೆಗೆ ಹಾಕುವುದು ಮೇಲು ಎಂಬ ಸಲಹೆ ಸೇರಿತು. ಕಾರಣಗಳು ಎರಡು: ಅಂಗಾತ ಮಲಗಿದ ಮಗು ಕಕ್ಕಿಕೊಂಡರೆ ಉಸಿರುಗಟ್ಟೀತು, ತಲೆ ಒಂದೇ ಕಡೆ ಚಪ್ಪಟೆಯಾದೀತು. ಎರಡೂ ಸಾಮಾನ್ಯ ಜ್ಞಾನಕ್ಕೆ ಸರಿಯೆನಿಸುವ ಕಾರಣಗಳೇ.

ಮೊದಲನೆಯದನ್ನು ಅಂಗರಚನೆ ಒಪ್ಪುವುದಿಲ್ಲ. ಶ್ವಾಸನಾಳ ಮುಂದೆ, ಅನ್ನನಾಳ ಹಿಂದೆ ಇದೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲಕ್ಕೂ ಅನ್ನನಾಳ ಕೆಳಕ್ಕೂ ಬರುತ್ತವೆ. ಹೊಟ್ಟೆಯಿಂದ ಮೇಲೆ ಬಂದ ಹಾಲು ಉಸಿರಿನ ದಾರಿಗೆ ಹೋಗಬೇಕಾದರೆ ಗುರುತ್ವಕ್ಕೆ ವಿರುದ್ಧವಾಗಿ ಏರಬೇಕು. ಬೋರಲಾದಾಗ ಸ್ಥಿತಿ ತಲೆಕೆಳಗು: ಅದೇ ಹಾಲು ಶ್ವಾಸನಾಳದ ಬಾಯಿಯ ಬಳಿ ನಿಲ್ಲುತ್ತದೆ. ಅಷ್ಟೇ ಅಲ್ಲ, ಬೋರಲಾಗಿ ನಿದ್ರಿಸುವ ಶಿಶು ಹಾಸಿಗೆಗೆ ಮುಖವೊತ್ತಿ, ತಾನೇ ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನು ಮತ್ತೆ ಒಳಗೆ ಎಳೆದುಕೊಳ್ಳಬಹುದು. ಅದರ ಮೈ ಬಿಸಿಯೇರುತ್ತದೆ. ಮುಖ್ಯವಾಗಿ, ಉಸಿರಿಗೆ ತೊಂದರೆಯಾದಾಗ ಅದು ಸುಲಭವಾಗಿ ಎಚ್ಚರಗೊಳ್ಳುವುದಿಲ್ಲ.

ಆರೋಗ್ಯವಾಗಿದ್ದ ಶಿಶು ನಿದ್ದೆಯಲ್ಲೇ, ಪರೀಕ್ಷೆಯಲ್ಲೂ ಕಾರಣ ಸಿಗದಂತೆ ಸಾಯುವುದನ್ನು ‘ಹಠಾತ್ ಶಿಶು ಮರಣ’ ಎನ್ನುತ್ತಾರೆ. ರೂತ್ ಗಿಲ್ಬರ್ಟ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಸಮೀಕ್ಷೆ ಈ ಬಗ್ಗೆ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿತು. 1970ರ ವೇಳೆಗೆ ಲಭ್ಯವಿದ್ದ ಅಧ್ಯಯನಗಳನ್ನು ಸೇರಿಸಿ ನೋಡಿದ್ದರೂ, ಅಂಗಾತಕ್ಕಿಂತ ಬೋರಲು ನಿದ್ದೆಯಲ್ಲಿ ಅಪಾಯ ಸುಮಾರು ಮೂರು ಪಟ್ಟು ಎಂಬುದು ಗೊತ್ತಾಗುತ್ತಿತ್ತು. ಯಾರೂ ಸೇರಿಸಿ ನೋಡಲಿಲ್ಲ. ಸಲಹೆ ಮಾತ್ರ ಪುಸ್ತಕದಿಂದ ಪುಸ್ತಕಕ್ಕೆ ನಡೆಯುತ್ತ ಹೋಯಿತು. ಆಗಲೇ ಎಚ್ಚೆತ್ತಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯುರೋಪು, ಅಮೆರಿಕ, ಆಸ್ಟ್ರೇಲಿಯಾ ಭಾಗಗಳಲ್ಲಿ ಕನಿಷ್ಠ 50,000 ಶಿಶುಗಳ ಸಾವನ್ನು ತಪ್ಪಿಸಬಹುದಿತ್ತು ಎಂಬುದು ಅವರ ಅಂದಾಜು.

ಅಮೆರಿಕದಲ್ಲಿ ಸಲಹೆ ಬದಲಾದದ್ದು 1992ರಲ್ಲಿ. ‘ಅಂಗಾತ ನಿದ್ದೆ’ಯ ಪ್ರಚಾರ ಆರಂಭವಾದದ್ದು 1994ರಲ್ಲಿ. ಅಲ್ಲಿ ಬೋರಲಾಗಿ ನಿದ್ರಿಸುವ ಶಿಶುಗಳ ಪ್ರಮಾಣ 1992ರಲ್ಲಿ ಶೇಕಡ 70 ಇದ್ದದ್ದು 1996ಕ್ಕೆ ಶೇಕಡ 24ಕ್ಕೆ ಇಳಿಯಿತು. ಹಠಾತ್ ಶಿಶು ಮರಣ ಲಕ್ಷ ಜನನಕ್ಕೆ 120 ಇದ್ದದ್ದು 2001ರ ಹೊತ್ತಿಗೆ 56 ಆಯಿತು.

ಇಲ್ಲೊಂದು ಅಂಶ ಗಮನಿಸಬೇಕು. ಶಿಶುಗಳನ್ನು ಎರಡು ಗುಂಪು ಮಾಡಿ, ಒಂದನ್ನು ಬೋರಲಾಗಿ ನಿದ್ದೆಗೆ ಹಾಕಿ ನೋಡುವ ಪ್ರಯೋಗವನ್ನು ಯಾರೂ ಮಾಡಲಾರರು. ಈ ಪುರಾವೆಯೂ ವೀಕ್ಷಣೆಯಿಂದ ಬಂದದ್ದೇ. ಆದರೂ ಇದು ಗಟ್ಟಿ. ಬೇರೆ ಬೇರೆ ದೇಶಗಳ ಅಧ್ಯಯನಗಳು ಒಂದೇ ದಿಕ್ಕು ತೋರಿದವು. ಪರಿಣಾಮದ ಗಾತ್ರ ದೊಡ್ಡದು. ಕಾರಣದ ವಿವರಣೆ ಇದೆ. ರೂಢಿ ಬದಲಾದೊಡನೆ ಸಾವು ಇಳಿಯಿತು. ಪುರಾವೆಯ ಬಲವನ್ನು ಅಳೆಯುವುದು ಹೀಗೆ. ಈಗ ಇದೇ ಅಳತೆಯನ್ನು ಟಮ್ಮಿ ಟೈಮಿಗೆ ಹಿಡಿಯೋಣ.

ಶಿಫಾರಸು ಪ್ರಬಲ, ಪುರಾವೆ ದುರ್ಬಲ

ಮಕ್ಕಳು ಅಂಗಾತ ನಿದ್ರಿಸತೊಡಗಿದ ಮೇಲೆ ಎರಡು ಆತಂಕಗಳು ಹುಟ್ಟಿದವು: ತಲೆಯ ಹಿಂಭಾಗ ಚಪ್ಪಟೆಯಾಗುತ್ತಿದೆ, ಮಗುಚುವುದು ಮತ್ತು ಅಂಬೆಗಾಲಿಡುವುದು ತಡವಾಗುತ್ತಿದೆ. ಇವಕ್ಕೆ ಪರಿಹಾರವಾಗಿಯೇ ಎಚ್ಚರದ ವೇಳೆ ಬೋರಲಾಗಿಸುವ ಸಲಹೆ ಬಲವಾಗಿ ಬೆಳೆದದ್ದು.

ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯನ್ನು ತೆರೆದು ನೋಡಿದರೆ, 30 ನಿಮಿಷದ ಮಾತಿರುವ ಶಿಫಾರಸಿಗೆ ಸಂಸ್ಥೆಯೇ ಎರಡು ದರ್ಜೆಗಳನ್ನು ಕೊಟ್ಟಿದೆ. ಶಿಫಾರಸಿನ ದರ್ಜೆ: ಪ್ರಬಲ. ಪುರಾವೆಯ ಗುಣಮಟ್ಟ: ಅತಿ ಕಡಿಮೆ. ಇದು ವಿರೋಧಾಭಾಸದಂತೆ ಕಂಡರೂ ಅದಕ್ಕೊಂದು ತರ್ಕವಿದೆ. ಖರ್ಚಿಲ್ಲ, ಹಾನಿ ಕಡಿಮೆ, ಲಾಭವಾಗುವ ಸಂಭವವಿದೆ. ಆದ್ದರಿಂದ ಮಾಡಿ ಎನ್ನುವುದು ಪ್ರಬಲ ಶಿಫಾರಸು. ಪ್ರಾಮಾಣಿಕವಾದ ಮಾತೇ. ತೊಂದರೆ ಆಮೇಲೆ ಶುರುವಾಗುತ್ತದೆ. ಮಾರ್ಗಸೂಚಿಯಿಂದ ಕರಪತ್ರಕ್ಕೆ, ಕರಪತ್ರದಿಂದ ಮನೆಗೆ ಬರುವಷ್ಟರಲ್ಲಿ ಎರಡನೆಯ ದರ್ಜೆ ಉದುರಿಹೋಗಿ ‘30 ನಿಮಿಷ ಕಡ್ಡಾಯ’ ಎಂಬುದಷ್ಟೇ ಉಳಿಯುತ್ತದೆ. ಅಳುವ ಮಗುವಿನ ಮುಂದೆ ಗಡಿಯಾರ ಹಿಡಿದು ಕೂತ ಬಾಣಂತಿಗೆ, ತಾನು ಮಗುವಿನ ಬೆಳವಣಿಗೆಯನ್ನೇ ಕೆಡಿಸುತ್ತಿದ್ದೇನೆಂಬ ಭಯ ಹತ್ತುತ್ತದೆ.

ಈ ವಿಷಯದ ಮುಖ್ಯ ಕ್ರಮಬದ್ಧ ಸಮೀಕ್ಷೆಯೊಂದು 2020ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬಂತು. 8 ದೇಶಗಳ 4,237 ಶಿಶುಗಳನ್ನು ಒಳಗೊಂಡ 16 ಲೇಖನಗಳನ್ನು ಅದು ಪರಿಶೀಲಿಸಿತು. ದೊಡ್ಡ ಸ್ನಾಯುಗಳ ಚಲನೆ, ಮಗುಚುವುದು, ತೆವಳುವುದು, ಅಂಬೆಗಾಲಿಡುವುದು ಇವುಗಳೊಂದಿಗೆ ಅನುಕೂಲಕರ ಸಂಬಂಧ ಕಂಡಿತು. ಕೂರುವುದು, ನಿಲ್ಲುವುದು, ನಡೆಯುವುದು, ಬುದ್ಧಿಯ ಬೆಳವಣಿಗೆ ಇವುಗಳ ವಿಷಯದಲ್ಲಿ ಖಚಿತವಾಗಿ ಏನೂ ಹೇಳಲಾಗಲಿಲ್ಲ. ಬೆರಳುಗಳ ಸೂಕ್ಷ್ಮ ಚಲನೆ ಮತ್ತು ಮಾತಿನೊಂದಿಗೆ ಸಂಬಂಧ ಕಾಣಲಿಲ್ಲ. ‘ಬೋರಲು ಬಿಟ್ಟರೆ ಮಗು ಚುರುಕಾಗುತ್ತದೆ, ಬೇಗ ಮಾತು ಕಲಿಯುತ್ತದೆ’ ಎಂದು ಹೇಳುವವರು ಈ ಪಟ್ಟಿಯನ್ನು ಒಮ್ಮೆ ನೋಡಬೇಕು.

ಕಂಡ ಸಂಬಂಧವನ್ನೂ ಎಚ್ಚರದಿಂದ ಓದಬೇಕು. ಆ ಅಧ್ಯಯನಗಳಲ್ಲಿ ಬಹುಪಾಲು ವೀಕ್ಷಣಾ ಅಧ್ಯಯನಗಳು. ಕತ್ತು ಮೊದಲೇ ಗಟ್ಟಿಯಿರುವ ಮಗು ಬೋರಲಾದಾಗ ಅಳುವುದು ಕಡಿಮೆ. ಅಳದ ಮಗುವನ್ನು ಹೆತ್ತವರು ಹೆಚ್ಚು ಹೊತ್ತು ಬಿಡುತ್ತಾರೆ. ಹಾಗಾದರೆ ಬೋರಲಾಟದಿಂದ ಬಲ ಬಂತೇ, ಬಲವಿದ್ದುದರಿಂದ ಬೋರಲಾಟ ಹೆಚ್ಚಿತೇ? ಅಲ್ಲದೆ, ದಿನವೂ ನೆಲಕ್ಕೆ ಕೂತು ಮಗುವನ್ನು ಆಡಿಸುವ ಬಿಡುವು ಇರುವ ಮನೆಯಲ್ಲಿ ಮಗುವಿಗೆ ಅನುಕೂಲವಾಗುವ ಬೇರೆ ಸಂಗತಿಗಳೂ ಇರುತ್ತವೆ. ಅವುಗಳನ್ನು ಬೇರ್ಪಡಿಸುವುದು ಸುಲಭವಲ್ಲ.

ಶಿಶುಗಳ ವಿಷಯದಲ್ಲಿ ಇದಕ್ಕಿಂತ ಉತ್ತಮ ಪುರಾವೆ ಸಿಗದು ಎನ್ನುವಂತಿಲ್ಲ. ಕಡಿಮೆ ತೂಕದ ಕೂಸನ್ನು ತಾಯಿಯ ಎದೆಗೆ ಅಪ್ಪಿಸಿಡುವ ‘ಕಾಂಗರೂ ಆರೈಕೆ’ಯನ್ನು ಹುಟ್ಟಿದ ಕೂಡಲೇ ಆರಂಭಿಸಬೇಕೇ ಎಂಬ ಪ್ರಶ್ನೆಗೆ ಭಾರತವೂ ಸೇರಿ ಐದು ದೇಶಗಳಲ್ಲಿ ಯಾದೃಚ್ಛಿಕ ಪ್ರಯೋಗ ನಡೆಯಿತು. 1 ಕಿಲೋದಿಂದ 1.799 ಕಿಲೋ ತೂಕದ 3,211 ಶಿಶುಗಳು ಅದರಲ್ಲಿದ್ದವು. 28 ದಿನಗಳೊಳಗಿನ ಸಾವು ಕೂಡಲೇ ಆರಂಭಿಸಿದವರಲ್ಲಿ ಶೇಕಡ 12.0, ಉಳಿದವರಲ್ಲಿ ಶೇಕಡ 15.7 ಎಂದು 2021ರಲ್ಲಿ ಫಲಿತಾಂಶ ಬಂತು. ಟಮ್ಮಿ ಟೈಮಿನ 30 ನಿಮಿಷಕ್ಕೆ ಇಂಥ ಆಧಾರವಿಲ್ಲ.

ಅಳತೆಗೋಲೇ ಒಂದು ಕಡೆ ವಾಲಿದರೆ

ಶಿಶುವಿನ ಚಲನೆಯನ್ನು ಅಳೆಯಲು ಹೆಚ್ಚಾಗಿ ಬಳಸುವ ಸಾಧನ ಕೆನಡಾದ ಆಲ್ಬರ್ಟಾ ಮಾಪಕ. ಇದರಲ್ಲಿ 58 ಅಂಶಗಳಿವೆ. ಬೋರಲು ಭಂಗಿಯಲ್ಲಿ ನೋಡುವವು 21, ಅಂಗಾತ 9, ಕೂತು 12, ನಿಂತು 16. ಅಂದರೆ ಮೂರನೇ ಒಂದಕ್ಕಿಂತ ಹೆಚ್ಚು ಅಂಶಗಳು ಬೋರಲಿನವು. ಬೋರಲಾಗಿ ಅಭ್ಯಾಸ ಮಾಡಿದ ಮಗುವಿಗೆ ಇಲ್ಲಿ ಅಂಕ ಹೆಚ್ಚು ಬರುವುದು ಸಹಜ. ಪ್ರಶ್ನೆಪತ್ರಿಕೆಯಲ್ಲಿ ಬರುವ ಪಾಠವನ್ನೇ ಉರುಹೊಡೆದ ವಿದ್ಯಾರ್ಥಿಗೆ ಅಂಕ ಬಂದಂತೆ ಇದು. ಅದರಿಂದ ಒಟ್ಟಾರೆ ಕಲಿಕೆ ಹೆಚ್ಚಿದೆ ಎನ್ನಲು ಬೇರೆ ಪರೀಕ್ಷೆ ಬೇಕು.

ಅಂಥ ಪರೀಕ್ಷೆಯೆಂದರೆ ನಡಿಗೆ. ನಿದ್ದೆಯ ಭಂಗಿಯ ಬಗ್ಗೆ 1998ರಲ್ಲಿ ಬಂದ 351 ಶಿಶುಗಳ ಅಧ್ಯಯನದಲ್ಲಿ ಬೋರಲಾಗಿ ನಿದ್ರಿಸುತ್ತಿದ್ದವು ಬೇಗ ಮಗುಚಿದವು, ಬೇಗ ಅಂಬೆಗಾಲಿಟ್ಟವು. ಆದರೆ ನಡೆದ ವಯಸ್ಸಿನಲ್ಲಿ ಗಣನೀಯ ವ್ಯತ್ಯಾಸ ಇರಲಿಲ್ಲ. ಅಂಗಾತ ಮಲಗುವ ಪೀಳಿಗೆಯ ಮಕ್ಕಳು ಹಿಂದುಳಿಯುತ್ತಿದ್ದಾರೆ ಎಂಬ ಮಾತನ್ನೂ ಪರೀಕ್ಷಿಸಲಾಗಿದೆ. ಆಲ್ಬರ್ಟಾ ಮಾಪಕದ ಮೂಲ ಅಂಕಿಗಳನ್ನು 2,202 ಶಿಶುಗಳಿಂದ ಸಂಗ್ರಹಿಸಿದ್ದು ಅಂಗಾತ ನಿದ್ದೆಯ ಪ್ರಚಾರಕ್ಕೆ ಮುಂಚೆ. ಸುಮಾರು 20 ವರ್ಷಗಳ ಅನಂತರ 650 ಶಿಶುಗಳನ್ನು ಮತ್ತೆ ಅಳೆದು 2014ರಲ್ಲಿ ಹೋಲಿಸಿದಾಗ, ಚಲನಕೌಶಲಗಳು ಮೂಡುವ ಕ್ರಮವೂ ವಯಸ್ಸೂ ಬಹುಮಟ್ಟಿಗೆ ಹಾಗೆಯೇ ಇದ್ದವು. ‘ನಿದ್ದೆಯ ಭಂಗಿ ಬದಲಾದದ್ದರಿಂದ ಮಕ್ಕಳು ದುರ್ಬಲರಾದರು’ ಎಂಬ ವಾದಕ್ಕೆ ಇದು ಬಲವಾದ ಪೆಟ್ಟು.

ಸಹಜ ವ್ಯತ್ಯಾಸದ ಹರವನ್ನೂ ಮರೆಯಬಾರದು. ಭಾರತವೂ ಸೇರಿ ಐದು ದೇಶಗಳ 816 ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸರೆಯಿಲ್ಲದೆ ನಡೆಯುವ ವಯಸ್ಸು 8.2 ತಿಂಗಳಿನಿಂದ 17.6 ತಿಂಗಳವರೆಗೆ ಹರಡಿತ್ತು. ಆರೋಗ್ಯವಾಗಿದ್ದ ಆ ಮಕ್ಕಳಲ್ಲಿ ಶೇಕಡ 4.3ರಷ್ಟು ಅಂಬೆಗಾಲಿಡಲೇ ಇಲ್ಲ. ಅಮೆರಿಕದ 2022ರ ಪಟ್ಟಿ ಅಂಬೆಗಾಲನ್ನು ಮೈಲಿಗಲ್ಲಿನ ಸಾಲಿನಿಂದ ಕೈಬಿಟ್ಟಿದೆ. ಹೀಗಿರುವಾಗ ಮಗು ಎರಡು ವಾರ ಮುಂಚೆ ಮಗುಚಿತು ಎಂಬುದು ಎಷ್ಟು ದೊಡ್ಡ ಲಾಭ?

ಚಪ್ಪಟೆ ತಲೆಯ ಕಥೆ

ತಲೆಯ ಆಕಾರದ ಬಗ್ಗೆಯೂ ಮಾತುಗಳು ಒಂದೇ ತೆರನಾಗಿಲ್ಲ. 2020ರ ಸಮೀಕ್ಷೆಯ ಪ್ರಕಾರ ತಲೆಯ ಹಿಂಭಾಗ ಇಡಿಯಾಗಿ ಚಪ್ಪಟೆಯಾಗುವುದನ್ನು ಬೋರಲಾಟ ತಡೆಯುವಂತೆ ಕಂಡಿತು. ಒಂದೇ ಪಕ್ಕ ಚಪ್ಪಟೆಯಾಗುವುದರ ವಿಷಯದಲ್ಲಿ ತೀರ್ಮಾನ ಸಿಗಲಿಲ್ಲ. ಅಕಾಡೆಮಿಯ ಸಲಹೆಯಲ್ಲಿ ಈ ಭೇದ ಕಾಣುವುದಿಲ್ಲ. ಬೋರಲಾದಷ್ಟು ಹೊತ್ತು ತಲೆಯ ಹಿಂಭಾಗಕ್ಕೆ ಒತ್ತಡವಿರುವುದಿಲ್ಲ ಎಂಬುದು ನಿಜ. ಆದರೆ ದಿನಕ್ಕೆ 14ರಿಂದ 17 ಗಂಟೆ ನಿದ್ರಿಸುವ ಕೂಸಿಗೆ ಅರ್ಧ ಗಂಟೆಯ ಬಿಡುವು ಎಷ್ಟರದು? ನಿದ್ದೆಯಲ್ಲಿ ತಲೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಇರುವಂತೆ ನೋಡಿಕೊಳ್ಳುವುದು, ಎಚ್ಚರವಿದ್ದಾಗ ಎತ್ತಿಕೊಳ್ಳುವುದು ಇವೂ ಅಷ್ಟೇ ಮುಖ್ಯ. ಮಗು ಯಾವಾಗಲೂ ಒಂದೇ ಕಡೆಗೆ ಕತ್ತು ತಿರುಗಿಸುತ್ತಿದ್ದರೆ ವೈದ್ಯರಿಗೆ ತೋರಿಸಬೇಕು.

ನಮ್ಮ ಮನೆಗಳಲ್ಲಿ ತಲೆ ದುಂಡಗಾಗಲೆಂದು ಸಾಸಿವೆ ಅಥವಾ ರಾಗಿ ತುಂಬಿದ ಪುಟ್ಟ ದಿಂಬು ಇಡುವ ರೂಢಿಯಿದೆ. ನಿದ್ರಿಸುವ ಶಿಶುವಿನ ಹಾಸಿಗೆಯಲ್ಲಿ ದಿಂಬು ಇರಲೇಬಾರದು ಎಂಬುದು ಸುರಕ್ಷಿತ ನಿದ್ದೆಯ ನಿಯಮ. ಆಕಾರಕ್ಕಾಗಿ ಉಸಿರನ್ನು ಪಣಕ್ಕಿಡುವುದು ಸ್ಪಾಕ್‌ರ ಕಾಲದ ತಪ್ಪನ್ನೇ ಇನ್ನೊಂದು ದಾರಿಯಲ್ಲಿ ಮಾಡಿದಂತೆ.

‘ಮಲಗಿಸು’ ಎಂಬ ಪದದಲ್ಲಿರುವ ಅಪಾಯ

ಈ ಸಲಹೆ ಕನ್ನಡಕ್ಕೆ ಬರುವಾಗ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ‘ಮಲಗಿಸು’ ಎಂದರೆ ನೆಲದ ಮೇಲೆ ಉದ್ದಕ್ಕೆ ಇಡುವುದೂ ಹೌದು, ನಿದ್ದೆ ಮಾಡಿಸುವುದೂ ಹೌದು. ‘ಮಗುವನ್ನು ದಿನವೂ ಸ್ವಲ್ಪ ಹೊತ್ತು ಬೋರಲು ಮಲಗಿಸಿ’ ಎಂಬ ವಾಕ್ಯವನ್ನು ಓದಿದ ತಾಯಿ ಬೋರಲಾಗಿ ನಿದ್ದೆ ಮಾಡಿಸಬೇಕೆಂದು ತಿಳಿದರೆ ತಪ್ಪು ಅವಳದಲ್ಲ. ಬೋರಲಾದ ಮಗು ಕೆಲವೊಮ್ಮೆ ಹಾಗೆಯೇ ನಿದ್ದೆ ಹೋಗುವುದೂ ಉಂಟು. ಗಾಢವಾಗಿ ನಿದ್ರಿಸುವುದನ್ನು ಕಂಡು ‘ಇರಲಿ ಬಿಡು’ ಎನಿಸುವುದೂ ಸಹಜ. ದುರ್ಬಲ ಪುರಾವೆಯ ಒಂದು ಸಲಹೆ, ಪ್ರಬಲ ಪುರಾವೆಯ ಇನ್ನೊಂದನ್ನು ಅಳಿಸಿಹಾಕುವುದು ಇಲ್ಲಿಯೇ.

ಆದ್ದರಿಂದ ಆರೋಗ್ಯದ ಕರಪತ್ರ ಬರೆಯುವವರು, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು ಈ ಕ್ರಿಯಾಪದವನ್ನೇ ಬಿಡುವುದು ಲೇಸು. ‘ನಿದ್ದೆಗೆ ಅಂಗಾತ, ಆಟಕ್ಕೆ ಬೋರಲು’ ಎಂದರೆ ಗೊಂದಲವಿಲ್ಲ. ‘ಬೋರಲಾಟ’ ಎಂಬ ಪದವನ್ನೇ ಬಳಕೆಗೆ ತರಬಹುದು. ಮಕಾಡೆ, ಕವುಚಿ ಎಂಬ ಮಾತುಗಳು ರೂಢಿಯಲ್ಲಿರುವ ಕಡೆ ಅವನ್ನೇ ಬಳಸಲಿ. ಜೊತೆಗೆ ‘ಆಟ’ ಎಂಬುದು ಇರಲಿ.

ಬೋರಲಾಟ ನಮಗೆ ಹೊಸದೂ ಅಲ್ಲ. ಎರೆಯುವ ಅಜ್ಜಿ ಕಾಲು ಚಾಚಿ ಕುಳಿತು, ಕೂಸನ್ನು ಕಾಲುಗಳ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ತಿಕ್ಕಿ ನೀರು ಹಾಕುವಾಗ ಆ ಮಗು ಎಚ್ಚರದಲ್ಲಿ, ದೊಡ್ಡವರ ಕೈಯಲ್ಲಿ, ಬೋರಲಾಗಿಯೇ ಇರುತ್ತದೆ. ಚಾಪೆಯ ಮೇಲೆ ಕಳೆದ ನಿಮಿಷಗಳನ್ನಷ್ಟೇ ಎಣಿಸಿದರೆ ಇದು ಲೆಕ್ಕಕ್ಕೆ ಬರುವುದಿಲ್ಲ. ಹಾಗೆಂದು ‘ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು’ ಎಂದು ಬೀಗುವುದೂ ಬೇಡ. ಅದೇ ಮನೆಯಲ್ಲಿ ಸಾಸಿವೆಯ ದಿಂಬೂ ಇತ್ತು. ರೂಢಿಯನ್ನೂ ಮಾರ್ಗಸೂಚಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು.

ಹಾಗಾದರೆ ಯಾವಾಗ, ಎಷ್ಟು?

ದಿನ ತುಂಬಿ ಹುಟ್ಟಿದ ಆರೋಗ್ಯವಂತ ಕೂಸಿಗೆ ಮೊದಲ ದಿನಗಳಿಂದಲೇ ಆರಂಭಿಸಬಹುದು. ಮೊದಮೊದಲು ಒರಗಿ ಕುಳಿತ ತಾಯಿಯ ಅಥವಾ ತಂದೆಯ ಎದೆಯೇ ಸಾಕು. ಆಮೇಲೆ ಗಟ್ಟಿ ನೆಲದ ಮೇಲೆ ಹಾಸಿದ ಚಾಪೆ. ಮೆತ್ತನೆಯ ಹಾಸಿಗೆ ಬೇಡ. ಹಾಲು ಕುಡಿಸಿದ ಕೂಡಲೇ ಬೇಡ. ಮಗು ಎಚ್ಚರವಿರಬೇಕು, ದೊಡ್ಡವರೊಬ್ಬರ ಕಣ್ಣು ಅದರ ಮೇಲಿರಬೇಕು. ನಿದ್ದೆ ಬಂದರೆ ಅಂಗಾತ ಮಾಡಬೇಕು. ಅವಧಿಗೆ ಮುನ್ನ ಹುಟ್ಟಿದ ಅಥವಾ ಉಸಿರಾಟದ ತೊಂದರೆಯಿದ್ದ ಮಕ್ಕಳ ವಿಷಯದಲ್ಲಿ ವೈದ್ಯರನ್ನು ಕೇಳಬೇಕು. ಆಸ್ಪತ್ರೆಯ ವಿಶೇಷ ಘಟಕದಲ್ಲಿ ಇಂಥ ಶಿಶುಗಳನ್ನು ಬೋರಲಾಗಿಸುವುದುಂಟು; ಅಲ್ಲಿ ಉಸಿರು ಮತ್ತು ಹೃದಯ ಬಡಿತವನ್ನು ಸದಾ ಗಮನಿಸುವ ಯಂತ್ರಗಳಿರುತ್ತವೆ. ಅದನ್ನು ಮನೆಯಲ್ಲಿ ಅನುಕರಿಸಬಾರದು.

ಎಷ್ಟು ಎಂಬುದಕ್ಕೆ ಒಂದು ಲೆಕ್ಕ ಮಾಡೋಣ. 24 ಗಂಟೆಯಲ್ಲಿ ನಿದ್ದೆ 15 ಗಂಟೆ ಎಂದಿಟ್ಟುಕೊಂಡರೆ ಉಳಿಯುವುದು 9. ಹತ್ತು ಬಾರಿ ಹಾಲು, ಬಾರಿಗೆ ಅರ್ಧ ಗಂಟೆ ಎಂದರೆ 5 ಗಂಟೆ ಹೋಯಿತು. ಉಳಿದ 4 ಗಂಟೆಯಲ್ಲಿ ಸ್ನಾನ, ಬಟ್ಟೆ ಬದಲಿಸುವುದು, ಅಳು, ಸಮಾಧಾನ ಎಲ್ಲ ಆಗಬೇಕು. ಇಷ್ಟರಲ್ಲಿ ಒಂದೇ ಸಲಕ್ಕೆ ಅರ್ಧ ಗಂಟೆ ಕೇಳುವುದು ಅನ್ಯಾಯ. ಮೂರು ಮೂರು ನಿಮಿಷದಂತೆ ಸೇರಿಸುತ್ತ ಹೋಗುವುದು ಸಾಧ್ಯ. ಆರಂಭಕ್ಕೆ ದಿನಕ್ಕೆ ಎರಡು ಮೂರು ಬಾರಿ, ಮೂರರಿಂದ ಐದು ನಿಮಿಷ ಸಾಕು. 30 ಎಂಬುದು ದಿಕ್ಕು ತೋರುವ ಅಂಕಿ. 29ಕ್ಕೆ ನಿಂತರೆ ಏನೋ ಕೆಡುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಒಟ್ಟಿನಲ್ಲಿ ಸಲಹೆ ಒಳ್ಳೆಯದೇ. ಅದಕ್ಕೆ ಹೊದಿಸಿದ ಖಚಿತತೆ ಹೆಚ್ಚಾಯಿತು. ಅಂಗಾತ ನಿದ್ದೆ ಜೀವ ಉಳಿಸುತ್ತದೆ ಎಂಬ ಮಾತೂ, ಬೋರಲಾಟ ಬೆಳವಣಿಗೆಗೆ ನೆರವಾಗಬಹುದು ಎಂಬ ಮಾತೂ ಒಂದೇ ತೂಕದವಲ್ಲ. ತರಗತಿಯಲ್ಲಿ ಸನ್ನೆಯ ಪಾಠ ಮಾಡುವಾಗ ತಲೆ ಎತ್ತುವ ಕೂಸನ್ನು, ಉಸಿರಾಟದ ಪಾಠದಲ್ಲಿ ಶ್ವಾಸನಾಳ ಮತ್ತು ಅನ್ನನಾಳಗಳ ಸ್ಥಾನವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆರೋಗ್ಯದ ಯಾವುದೇ ಕರಪತ್ರವನ್ನು ಮಕ್ಕಳ ಕೈಗಿತ್ತು, ಪ್ರತಿ ವಾಕ್ಯದ ಮುಂದೆ ‘ಗೊತ್ತಾದದ್ದು ಹೇಗೆ?’ ಎಂದು ಬರೆಯಲು ಹೇಳಬಹುದು. 1970ರಲ್ಲಿ ಆ ಪ್ರಶ್ನೆಯನ್ನು ಸಾಕಷ್ಟು ಮಂದಿ ಕೇಳಿದ್ದರೆ ಎಷ್ಟೋ ತೊಟ್ಟಿಲುಗಳು ಬರಿದಾಗುತ್ತಿರಲಿಲ್ಲ.